ರಾಕೆಟ್ಟಿನಲ್ಲಿ ಬಲಗಡೆ ಕೂತವನು

“ನಂಗೆ ಲೈವ್ ಬೇಕು,” ಎಂದಳು ಅವಳು, ಕೌಂಟರಿನ ಮೇಲೆ ಎರಡೂ ಮೊಣಕೈ ಊರಿ. “ಸಂಜೆ ವಾರ್ತೇಲಿ ತೋರಿಸೋದು ಬೇಡ. ಹಾರೋವಾಗ್ಲೇ ನೋಡ್ಬೇಕು.”

“ಏನು ಹಾರೋವಾಗ?”

“ರಾಕೆಟ್ಟು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ. ಖಾಲಿ ರಾಕೆಟ್ಟಲ್ಲ, ಒಳಗೆ ಜನ ಕೂತು ಹೋಗೋದು.”

ಅಂಗಡಿಯವನು ಬಿಚ್ಚಿಟ್ಟ ಡಿಶ್ ರಿಸೀವರಿನಿಂದ ತಲೆ ಎತ್ತಿದ. ಬೆರಳ ತುದಿಯಲ್ಲಿದ್ದ ಸ್ಕ್ರೂ ಜಾರಿ ನೆಲಕ್ಕೆ ಬಿತ್ತು. ಅವಳು ಬಂದಾಗಲೆಲ್ಲ ಹೀಗೆ ಏನಾದರೊಂದು ಬೀಳುತ್ತಿತ್ತು.

ಮೊಬೈಲ್ ಇನ್ನೂ ಬಂದಿರದ ಕಾಲ ಅದು. ಮಾಳಿಗೆಯ ಮೇಲಿನ ಡಿಶ್ಶನ್ನು ಕೈಯಿಂದಲೇ ಅತ್ತ ಇತ್ತ ತಿರುಗಿಸಿ, ಯಾವ ದೇಶದ ಚಾನೆಲ್ ಎಲ್ಲಿ ಸಿಗುತ್ತದೆಂದು ಹುಡುಕುವುದೇ ಅವನ ಕಸುಬು. ಬೀದಿಯವರೆಲ್ಲ ಅವನನ್ನು ಡಿಶ್ಶಣ್ಣ ಎನ್ನುತ್ತಿದ್ದರು. ಅವಳೊಬ್ಬಳು ಮಾತ್ರ ‘ಅಣ್ಣ’ ಬಿಟ್ಟು, ‘ಡಿಶ್ಶವರೇ’ ಎನ್ನುತ್ತಿದ್ದಳು. ಆ ಬಿಟ್ಟ ಎರಡಕ್ಷರವನ್ನು ನೆಚ್ಚಿಕೊಂಡೇ ಅವನು ಎಂಟು ತಿಂಗಳು ಕಳೆದಿದ್ದ.

ಅವಳು ಊರಂಚಿನ ಕೈಗವಸಿನ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದಳು. ಮಾತು ಚುಚ್ಚುವಂತಿರುತ್ತದೆಂದು ಜೊತೆಯವರು ಇಟ್ಟ ಹೆಸರು ‘ಸೂಜಿ.’

“ಇದೇನು ಇದ್ದಕ್ಕಿದ್ದ ಹಾಗೆ ರಾಕೆಟ್ಟು?” ಎಂದು ಅವನು ಕೇಳಿದ.

“ಮೂರು ಜನ ಹೋಗ್ತಾರಂತೆ. ಅದರಲ್ಲಿ ಬಲಗಡೆ ಕೂತ್ಕೊಳ್ಳೋರನ್ನ ನೋಡ್ಬೇಕು.” ಅವಳ ದನಿ ಮೆತ್ತಗಾಯಿತು. “ಅವರ ಬೆರಳು ಎಷ್ಟು ಉದ್ದ ಗೊತ್ತಾ? ಎಡಗೈ ಕಿರುಬೆರಳು ಮಾತ್ರ ಚೂರೇ ಚೂರು ಒಳಕ್ಕೆ ಬಾಗಿದೆ.”

“ನಿಮಗೆ ಹೇಗೆ ಗೊತ್ತು?”

ಅವಳು ಏನೋ ಹೇಳಹೊರಟು ತುಟಿ ಕಚ್ಚಿದಳು. ಕೆನ್ನೆ ಕೆಂಪಾಯಿತು. “ಹೇಳೋ ಹಾಗಿಲ್ಲ. ಹುಡುಕಿಕೊಡ್ತೀರಾ?”

“ಕೊಡ್ತೀನಿ,” ಎಂದ. ಬೇರೇನು ಹೇಳಲು ಸಾಧ್ಯವಿತ್ತು?

ಅಂದೇ ಅವನ ಹೊಟ್ಟೆಯಲ್ಲಿ ಕೆಂಡ ಬಿತ್ತು. ಒಬ್ಬ ಗಂಡಸಿನ ಕಿರುಬೆರಳು ಬಾಗಿದೆಯೆಂದು ಒಬ್ಬ ಹೆಣ್ಣಿಗೆ ತಿಳಿಯಬೇಕಾದರೆ ಆ ಕೈಯನ್ನು ಅವಳು ಎಷ್ಟು ಹೊತ್ತು ಹಿಡಿದಿರಬೇಕು? ಪಕ್ಕದ ಬೀದಿಯವನಾಗಿದ್ದರೆ ಒಂದು ಕೈ ನೋಡಿಕೊಳ್ಳಬಹುದಿತ್ತು. ಈ ಆಸಾಮಿ ಭೂಮಿಯನ್ನೇ ಬಿಟ್ಟು ಹೊರಟಿದ್ದ! ತಾನು ಹತ್ತಿದ್ದು ಹೆಚ್ಚೆಂದರೆ ನಾಲ್ಕನೇ ಮಹಡಿ.

ಭಾನುವಾರ ಮಧ್ಯಾಹ್ನ ಬಿಸಿಲಿನಲ್ಲಿ ಬೆವರು ಸುರಿಸುತ್ತ ಡಿಶ್ಶನ್ನು ಬೆರಳಗಲ ಬೆರಳಗಲ ಸರಿಸಿದ. ಕೊನೆಗೂ ಅರ್ಥವಾಗದ ಭಾಷೆಯ ಚಾನೆಲೊಂದು ಸಿಕ್ಕಿತು. ಅದರಲ್ಲಿ ರಾಕೆಟ್ಟಿನ ತಾಲೀಮು ತೋರಿಸುತ್ತಿದ್ದರು. ಬಿಳಿ ಉಡುಪಿನ ಮೂವರು ನಡೆದು ಬಂದರು. ಬಲಗಡೆಯವನು ಎತ್ತರದ ಆಳು. ಕ್ಯಾಮೆರಾ ಕಂಡದ್ದೇ ನಕ್ಕ. ನಗು ಚೆನ್ನಾಗಿಯೇ ಇತ್ತು. ಹಾಳಾದವನಿಗೆ ಹಲ್ಲಾದರೂ ಸೊಟ್ಟಗಿರಬಾರದಿತ್ತೇ!

ಸೋಮವಾರ ಅವಳು ಕೆಲಸ ಮುಗಿಸಿ ಓಡೋಡಿ ಬಂದಳು. “ಸಿಕ್ತಾ?”

“ಇಲ್ಲ,” ಎಂದ ಅವನು, ಬೇರೆ ಕಡೆ ನೋಡುತ್ತ. “ಯಾವ ಚಾನೆಲ್ಲಲ್ಲೂ ಲೈವ್ ಇಲ್ಲ.”

“ನೀವು ಹುಡುಕಿದ ಮೇಲೂ ಇಲ್ಲ ಅಂದ್ರೆ, ಇಲ್ಲ ಅಂತಲೇ ಅರ್ಥ,” ಎಂದು ಅವಳು ತಲೆ ತಗ್ಗಿಸಿ ಹೋದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಆ ನಂಬಿಕೆ ಮಾತ್ರ ರಾತ್ರಿಯಿಡೀ ಮುಳ್ಳಿನಂತೆ ಚುಚ್ಚಿತು.

ಮಂಗಳವಾರ ಬೆಳಿಗ್ಗೆ ಅಂಗಡಿಯ ಟೀವಿಯನ್ನು ದನಿಯಿಲ್ಲದೆ ಹಚ್ಚಿ ಅದರ ಮುಂದೆ ಕೂತ. ಎದ್ದು ಹೋಗಿ ಅವಳನ್ನು ಕರೆದುಬಿಡಲೇ ಎಂದು ಎರಡು ಸಲ ಚಪ್ಪಲಿ ಮೆಟ್ಟಿದ, ಎರಡು ಸಲವೂ ಬಿಟ್ಟ. ಪರದೆಯ ಮೂಲೆಯಲ್ಲಿ ಅಂಕಿ ಇಳಿಯುತ್ತ ಬಂತು. ಇನ್ನು ನಾಲ್ಕು ನಿಮಿಷವಿದೆ ಎನ್ನುವಾಗ ಅಂಕಿ ನಿಂತೇಬಿಟ್ಟಿತು. ಜೋರು ಗಾಳಿಗೆ ಅಲ್ಲಿನ ಬಾವುಟಗಳು ಪಟಪಟಿಸುತ್ತಿದ್ದವು; ಪರದೆಯ ಮೇಲೆ ಹೊಸ ತಾರೀಖು ಮೂಡಿತು, ಹಾರಾಟ ಗುರುವಾರಕ್ಕೆ ಹೋಯಿತು.

“ಲೈವ್ ಇಲ್ಲ ಅಂದ್ರಲ್ಲ?”

ಬಾಗಿಲಲ್ಲಿ ಅವಳು ನಿಂತಿದ್ದಳು. ಕೆಲಸಕ್ಕೆ ರಜೆ ಹಾಕಿದ್ದವಳು ಮನೆಯಲ್ಲಿ ಕೂರಲಾರದೆ, ರೇಡಿಯೋದಲ್ಲಾದರೂ ಏನಾದರೂ ಹೇಳಬಹುದೇ ಎಂದು ಕೇಳಲು ಬಂದಿದ್ದಳು. ಅವಳ ಕಣ್ಣು ಟೀವಿಯ ಮೇಲಿತ್ತು.

“ಅದು... ಈಗಷ್ಟೇ...”

“ಸುಳ್ಳಿನ ಮೇಲೆ ಇನ್ನೊಂದು ಸುಳ್ಳು ಹೇಳ್ಬೇಡಿ.” ಅವಳು ಟೀವಿಯ ಹತ್ತಿರ ಬಂದಳು. “ಆ ಬಲಗಡೆಯವರ ಕೈಗವಸು ಹೊಲಿದದ್ದು ನಾನು. ಆರು ತಿಂಗಳು ಕೂತು ಹೊಲಿದಿದ್ದೀನಿ. ರಾಕೆಟ್ಟು ಹಾರೋವರೆಗೂ ಯಾರಿಗೂ ಹೇಳಬಾರದು ಅಂತ ಸಹಿ ಹಾಕಿಸ್ಕೊಂಡಿದ್ರು. ಎಡಗೈ ಹೆಬ್ಬೆರಳ ಬುಡದಲ್ಲಿ ಒಂದು ಹೊಲಿಗೆ ಇದೆ. ಅದು ಎಲ್ಲಾ ಪರೀಕ್ಷೇಲೂ ಪಾಸಾಯ್ತು. ನನ್ನ ಮನಸ್ಸಲ್ಲಿ ಪಾಸಾಗಿಲ್ಲ. ಹತ್ತು ದಿನದಿಂದ ಕಣ್ಣಿಗೆ ನಿದ್ದೆ ಹತ್ತಿಲ್ಲ. ಅವರು ಮೇಲೆ ಹೋಗಿ, ಆ ಕೈ ಆಡಿಸೋದನ್ನ ನನ್ನ ಕಣ್ಣಾರೆ ನೋಡ್ಬೇಕಿತ್ತು. ನೀವು ಯಾಕೆ ಹೀಗೆ ಮಾಡಿದ್ರಿ?”

“ಹೊಟ್ಟೆಕಿಚ್ಚು,” ಎಂದ ಅವನು.

“ಯಾರ ಮೇಲೆ?”

“ಬಲಗಡೆಯವನ ಮೇಲೆ.”

ಅವಳು ಅವನನ್ನೇ ದಿಟ್ಟಿಸಿ ನೋಡಿದಳು. ನಗಬಹುದೇನೋ ಎಂದುಕೊಂಡ. ನಗಲಿಲ್ಲ. ತಿರುಗಿ ಹೊರಟುಹೋದಳು.

ಗುರುವಾರ ಎಂಟು ಗಂಟೆಗೇ ಅವನು ಡಿಶ್ಶು, ರಿಸೀವರು, ಟೀವಿ ಎಲ್ಲವನ್ನೂ ಕೈಗಾಡಿಯ ಮೇಲೆ ಹೇರಿಕೊಂಡು ಅವಳ ಮನೆ ಬಾಗಿಲಿಗೆ ಹೋದ. ಬಾಗಿಲು ತೆಗೆದದ್ದು ಅವಳ ಅಜ್ಜಿ.

“ಏನಪ್ಪಾ ಇದು, ಇಷ್ಟು ದೊಡ್ಡ ಬಾಣಲೆ?”

“ರಾಕೆಟ್ಟು ತೋರಿಸೋಕೆ ಬಂದೆ, ಅಜ್ಜಿ.”

“ಒಳಗೆ ಬಾ. ಅವಳು ಎರಡು ದಿನದಿಂದ ಮುಖ ಊದಿಸ್ಕೊಂಡು ಕೂತಿದಾಳೆ. ನೀನೇ ಏನೋ ಮಾಡಿರ್ಬೇಕು.”

ಅವಳು ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಅವನು ಮಾಳಿಗೆ ಹತ್ತಿ ಡಿಶ್ ತಿರುಗಿಸಿದ. ಅವಳು ಕೆಳಗಿನಿಂದ ಕೂಗಿದಳು. “ಬರೀ ಚುಕ್ಕಿ... ಇನ್ನೂ ಚುಕ್ಕಿ... ಹಾಂ, ಬಂತು! ಅಯ್ಯೋ, ಹೋಯ್ತು. ಸ್ವಲ್ಪ ಎಡಕ್ಕೆ ಸರಿಸ್ರೀ!” ಎರಡು ದಿನಗಳ ನಂತರ ಅವನ ಕಿವಿಗೆ ಬಿದ್ದ ಅವಳ ಮೊದಲ ಮಾತುಗಳು ಅವು. ಬೇಕೆಂದೇ ಒಮ್ಮೆ ಬಲಕ್ಕೆ ಸರಿಸೋಣವೆನಿಸಿತು. ಸರಿಸಲಿಲ್ಲ, ಒಂದು ಸಲ ಮಾಡಿದ್ದೇ ಸಾಕಾಗಿತ್ತು.

ಇನ್ನೊಂದು ನಿಮಿಷವಿದೆ ಎನ್ನುವಾಗ ಚಾನೆಲಿನವರು ಸೋಪಿನ ಜಾಹೀರಾತು ಹಾಕಿಬಿಟ್ಟರು. ಅವಳು ಕಿಟಾರನೆ ಕಿರುಚಿದಳು. ಅವನು ನಾಲ್ಕು ನಾಲ್ಕು ಮೆಟ್ಟಿಲು ಒಟ್ಟಿಗೆ ಹಾರಿ ಬಂದು ರಿಸೀವರಿನ ಗುಂಡಿ ಒತ್ತುತ್ತ ಹೋದ. ಅಡುಗೆ, ಕುಸ್ತಿ, ಯಾರದೋ ಭಾಷಣ. ಏಳನೆಯದರಲ್ಲಿ ರಾಕೆಟ್ಟು ಬೆಂಕಿಯುಗುಳುತ್ತ ನೆಲ ಬಿಡುತ್ತಿತ್ತು.

ಒಂಬತ್ತು ನಿಮಿಷ ರಾಕೆಟ್ಟು ಮೇಲೇರುತ್ತಲೇ ಹೋಯಿತು. ಅವಳು ತನ್ನ ಎಡಗೈ ಹೆಬ್ಬೆರಳನ್ನು ಬಲ ಮುಷ್ಟಿಯಲ್ಲಿ ಬಿಗಿಹಿಡಿದು ಕೂತಿದ್ದಳು. ಆಮೇಲೆ ರಾಕೆಟ್ಟಿನ ಒಳಗಿನ ಚಿತ್ರ ಬಂತು. ಬಲಗಡೆಯವನು ಎಡಗೈ ಎತ್ತಿ ಐದೂ ಬೆರಳು ಮಡಚಿದ, ಬಿಡಿಸಿದ. ನಿಧಾನವಾಗಿ ಕೈಗವಸು ತೆಗೆದು ಗಾಳಿಯಲ್ಲಿ ಬಿಟ್ಟ. ಅದು ಕೆಳಗೆ ಬೀಳದೆ ಅವನ ಮುಖದ ಮುಂದೆ ತೇಲುತ್ತ ನಿಂತಿತು.

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಅವನ ಕಣ್ಣೂ ತೇವವಾಯಿತು. ಆದರೂ, ನಾಚಿಕೆಗೇಡು, ಹೊಟ್ಟೆಯ ಮೂಲೆಯಲ್ಲಿ ಒಂದು ಕಿಡಿ ಇನ್ನೂ ಆರಿರಲಿಲ್ಲ.

ಕೇಬಲ್ ಸುತ್ತಲು ಮಾಳಿಗೆಗೆ ಹೋದಾಗ ಅವಳು ಎರಡು ಲೋಟ ಚಹಾ ಹಿಡಿದು ಬಂದು ಒಂದನ್ನು ಅವನಿಗೆ ಕೊಟ್ಟಳು.

“ಇನ್ನೂ ಉರೀತಿದೆಯಾ?”

“ಸ್ವಲ್ಪ. ಆರು ತಿಂಗಳು ನೀವು ಅವನ ಕೈಯನ್ನೇ ಯೋಚಿಸಿದ್ದೀರಿ.”

“ಅವರು ನನ್ನನ್ನ ನೋಡಿದ್ದು ಅರ್ಧ ಗಂಟೆ. ಅಳತೆ ಕೊಟ್ಟು, ಥ್ಯಾಂಕ್ಸ್ ಅಂದು ಹೋದ್ರು. ಅವರ ಮುಖ ಸರಿಯಾಗಿ ನೋಡಿದ್ದೇ ಇವತ್ತು.” ಅವಳು ಚಹಾ ಊದಿದಳು. “ನಿಮ್ಮ ಸುಳ್ಳು ನಾನಿನ್ನೂ ಮರೆತಿಲ್ಲ, ಮರೆಯೋದೂ ಇಲ್ಲ. ಆದ್ರೆ ನಂಗೂ ಒಂದು ಉರಿ ಇದೆ.”

“ಯಾರ ಮೇಲೆ?”

“ಆ ಬೇಕರಿಯಮ್ಮನ ಮೇಲೆ. ಅವಳ ಟೀವಿ ರಿಪೇರಿ ಅಂತ ವಾರಕ್ಕೆರಡು ಸಲ ಹೋಗ್ತೀರಲ್ಲ, ಬಿಸ್ಕತ್ತು ತಿಂದ್ಕೊಂಡು, ಹಲ್ಲು ಕಿರ್ಕೊಂಡು!”

“ಅಯ್ಯೋ, ಅವರಿಗೆ ಅರವತ್ತೆರಡು ವರ್ಷ ಕಣ್ರೀ!”

“ಗೊತ್ತು. ಆದ್ರೂ ಉರೀತು.”

ಅವನು ನಗುತ್ತ ಕೇಬಲನ್ನು ಕೆಳಗಿಟ್ಟು ಚಹಾ ಮುಗಿಸಿದ. ನಗು ತಾನಾಗಿ ನಿಂತಿತು. “ನೀವಂದ್ರೆ ನಂಗೆ ತುಂಬಾ ಇಷ್ಟ,” ಎಂದ. ಎಂಟು ತಿಂಗಳಿಂದ ಎಷ್ಟೋ ಚೆಂದದ ಮಾತು ಜೋಡಿಸಿಟ್ಟಿದ್ದ; ಹೊರಬಂದದ್ದು ಅಷ್ಟೇ.

ಅವಳು ಅವನ ಕೈಯಿಂದ ಖಾಲಿ ಲೋಟ ತೆಗೆದುಕೊಂಡಳು. ಬೆರಳು ತಗುಲಿತು, ಇಬ್ಬರೂ ಸರಿಸಲಿಲ್ಲ.

“ಭಾನುವಾರ ನಮ್ಮಣ್ಣ ಊರಿಂದ ಬರ್ತಾನೆ. ಬಂದು ಮಾತಾಡಿ.”

“ಏನಂತ ಮಾತಾಡ್ಲಿ?”

“ರಾಕೆಟ್ಟಿನ ವಿಷ್ಯ ಅಂತೂ ಅಲ್ಲ,” ಎಂದು ಅವಳು ಮೆಟ್ಟಿಲಿಳಿದಳು. ಎರಡೇ ಮೆಟ್ಟಿಲಿಳಿದು ತಿರುಗಿ ನಿಂತು, ಅವನೂ ಬರಲೆಂದು ಕಾದಳು.