ಒಲೆಯ ಗುರುತು ಹಿಡಿವ ಗೋಡೆ

ಸಾಸಿವೆ ಚಟಪಟ ಸಿಡಿಯಿತು. ಕರಿಬೇವು ಹಾಕಿ ಇಂಪನಾ ಇಂಗಿನ ಡಬ್ಬಿಗೆ ಕೈ ಚಾಚಿದಳು. ಒಗ್ಗರಣೆಯ ಘಾಟು ಅಡುಗೆಮನೆ ದಾಟಿ ಹಜಾರದ ಗೋಡೆಗಳನ್ನು ಸವರಿಕೊಂಡು ಹೋಯಿತು. ಗೋಡೆ ಅದನ್ನು ಹೀರಿಕೊಂಡಿತು. ಹೀರಿಕೊಳ್ಳುವುದೇ ಅದರ ಕೆಲಸ. ಮುಂಬಾಗಿಲ ಪಕ್ಕ ಗಾರೆಯಲ್ಲಿ ಹುದುಗಿಸಿದ್ದ ಗಾಜಿನ ಬಿಲ್ಲೆ ಎಳೆ ಬಾಳೆಲೆಯ ಹಸಿರಿನಲ್ಲಿ ಹೊಳೆಯುತ್ತಿತ್ತು. ಊರಿನದೇ ಒಂದು ಸಂಸಾರ ಈ ಮನೆಯಲ್ಲಿ ಬಾಳುತ್ತಿದೆ ಎಂದು ಅದರ ಅರ್ಥ.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು.

"ಭುವಿ, ಯಾರು ನೋಡು ಪುಟ್ಟಾ. ಬಾಗಿಲು ಪೂರ್ತಿ ತೆಗೀಬೇಡ."

ಬೇಸಿಗೆ ರಜೆಯಲ್ಲಿದ್ದ ಮಗಳು ಓಡಿಹೋಗಿ ಇಣುಕಿ ಬಂದಳು. "ಒಬ್ರು ಅಜ್ಜಿ. ಡಾಕ್ಟ್ರು ಎದೆಗೆ ಇಟ್ಟು ನೋಡ್ತಾರಲ್ಲ, ಅಂಥದ್ದು ಹಿಡ್ಕೊಂಡಿದಾರೆ."

ಇಂಪನಾಳ ಕೈ ಅಲ್ಲೇ ನಿಂತಿತು. ಅಂಥ ಕೊಳವೆ ಹಿಡಿದು ಗೋಡೆ ಪರೀಕ್ಷಿಸುವವರು ಮೈಸೂರಿನಲ್ಲಿ ಒಬ್ಬರೇ, ಡಾಕ್ಟರ್ ಸ್ಫೂರ್ತಿ ಅರಸ್. ವಾಸಗಾರೆಯನ್ನು ಕಂಡುಹಿಡಿದವರು.

ಯೋಗ ಕಲಿಯಲು ಬಂದವರು ಇಲ್ಲೇ ನೆಲೆನಿಂತು, ಅವರು ಕೊಡುವ ಬಾಡಿಗೆಯ ಮುಂದೆ ಊರಿನವರು ಒಂದೊಂದೇ ಬೀದಿ ಖಾಲಿ ಮಾಡುತ್ತಿದ್ದ ಕಾಲವೊಂದಿತ್ತು. ಆಗ ನಗರಪಾಲಿಕೆಯವರು ಎರಡು ನಿಯಮ ತಂದರು. ಊರಿನ ಸಂಸಾರವೊಂದು ನಿಜವಾಗಿ ಬಾಳುವ ಮನೆಯಲ್ಲಿ ಮಾತ್ರ ವಿದೇಶಿಯರನ್ನು ಅತಿಥಿಗಳಾಗಿ ಇಟ್ಟುಕೊಳ್ಳಬಹುದು. ಹಾಗೆ ಬಾಳುವ ಸಂಸಾರವನ್ನು ಯಾವ ಮಾಲೀಕನೂ ಎಬ್ಬಿಸುವಂತಿಲ್ಲ. ಆದರೆ ಬಾಳುವುದಕ್ಕೆ ಸಾಕ್ಷಿ ಏನು? ಕಾಗದಗಳೆಲ್ಲ ನಕಲಿಯಾದವು. ಕಾಗದದ ಬದಲು ಗೋಡೆಯನ್ನೇ ನಂಬೋಣ ಎಂದವರು ಸ್ಫೂರ್ತಿ. ಮನುಷ್ಯರ ಮೈಯಿಂದ, ಉಸಿರಿನಿಂದ ಕಣ್ಣಿಗೆ ಕಾಣದ ಜೀವಾಣುಗಳು ಸದಾ ಉದುರುತ್ತಿರುತ್ತವೆ. ಬೆರಳಚ್ಚಿನಂತೆ ಒಂದೊಂದು ಸಂಸಾರಕ್ಕೆ ಅವುಗಳ ಬೆರಕೆ ಒಂದೊಂದು ಬಗೆ. ಊರಿನ ಬಾಡಿಗೆ ಮನೆಗಳಿಗೆಲ್ಲ ಬಳಿಸಿದ ಈ ವಾಸಗಾರೆ ತನ್ನ ಸಣ್ಣ ಸಣ್ಣ ರಂಧ್ರಗಳಲ್ಲಿ ಅವನ್ನು ಹಿಡಿದು ಸಾಕುತ್ತದೆ. ಅಡುಗೆಯ ಹಬೆಯೇ ಅವುಗಳ ಆಹಾರ. ಅವು ಬೆಳೆದಂತೆ ಬಿಲ್ಲೆ ಹಸಿರಾಗುತ್ತದೆ. ಮಲಗೆದ್ದು ಹೋಗುವವರಿಗಿಂತ ಒಲೆ ಹಚ್ಚುವವರ ಗುರುತು ಗಾಢವಾಗಿ ನಿಲ್ಲುವಂತೆ ಅವರು ಬೇಕೆಂದೇ ಮಾಡಿದ್ದರು. ಮಲಗಲು ಲಾಡ್ಜೂ ಆದೀತು, ಒಲೆ ಹಚ್ಚುವುದು ಮನೆಯಲ್ಲಿ ಮಾತ್ರ ಎಂಬುದು ಅವರ ಎಣಿಕೆ.

ಆ ಎಣಿಕೆಯಿಂದಲೇ ಇಂಪನಾಗೆ ಕೆಲಸ ಸಿಕ್ಕಿತ್ತು. ಗೋಕುಲಂನ ಈ ದೊಡ್ಡ ಮನೆಯ ಕೋಣೆಗಳಲ್ಲೆಲ್ಲ ವಿದೇಶಿಯರೇ; ಬಿಲ್ಲೆ ಹಸಿರಾಗಿರಲು ಊರಿನವರ ಒಲೆಯೊಂದು ಬೇಕಿತ್ತು. ಬೆಳಿಗ್ಗೆ ಮಗುವನ್ನು ಕರೆದುಕೊಂಡು ಬರಬೇಕು, ಅಡುಗೆ ಮಾಡಿ ಉಣ್ಣಬೇಕು, ಮಧ್ಯಾಹ್ನ ಹಜಾರದಲ್ಲಿ ಚಾಪೆ ಹಾಸಿ ಉರುಳಬೇಕು, ಸಂಜೆ ಹೊರಡಬೇಕು. "ಏನೂ ಮಾಡಬೇಡಮ್ಮ, ಸುಮ್ನೆ ಬದುಕು ಸಾಕು" ಎಂದಿದ್ದ ಮಾಲೀಕ. ಕ್ಯಾತಮಾರನಹಳ್ಳಿಯ ವಠಾರದಲ್ಲಿ ಅವಳು ಬಾಡಿಗೆಗಿದ್ದ ಮನೆಯನ್ನು ಉಳಿಸಿಕೊಳ್ಳಲು ಈ ಸಂಬಳವೇ ಆಧಾರ. ಗಂಡ ಬಂಡೀಪುರದಲ್ಲಿ ಸಫಾರಿ ಗಾಡಿ ಓಡಿಸುತ್ತ ಅಲ್ಲೇ ಇರುತ್ತಿದ್ದ.

ಸ್ಫೂರ್ತಿ ಒಳಗೆ ಬಂದು ಗೋಡೆಗೆ ಕೊಳವೆ ಒತ್ತಿ ಕಣ್ಣುಮುಚ್ಚಿ ನಿಂತರು. "ತುಂಬಾ ಚೆನ್ನಾಗಿದೆ ಕಣಮ್ಮ. ಇಷ್ಟು ಗಾಢವಾದ ಗುರುತು ನಾನು ನೋಡೇ ಇಲ್ಲ. ಎಷ್ಟು ಕಾಲದಿಂದ ಇದೀರಿ?"

ಇಂಪನಾ ಬಾಯಿ ತೆರೆಯುವ ಮೊದಲೇ ಮಾರ್ಟಾ ಬೆವರು ಒರೆಸಿಕೊಳ್ಳುತ್ತ ಮಹಡಿಯಿಂದ ಇಳಿದು ಬಂದಳು. ಪೋರ್ಚುಗಲ್‌ನವಳು, ಹೊಸದಾಗಿ ಕಲಿತ ಕನ್ನಡವನ್ನು ಯಾರ ಮುಂದೆಯಾದರೂ ಪ್ರಯೋಗಿಸುವ ಉತ್ಸಾಹ ಅವಳಿಗೆ. "ನಮಸ್ಕಾರ! ಇವರು ಇಂಪನಕ್ಕ. ದಿನಾ ಬೆಳಿಗ್ಗೆ ಬರ್ತಾರೆ, ಸಂಜೆ ಹೋಗ್ತಾರೆ. ತುಂಬಾ ಒಳ್ಳೆಯವರು. ಅಕ್ಕಾ, ಏನೋ ಸೀಯ್ತಾ ಇದೆ."

ಒಗ್ಗರಣೆ ಕರಕಲಾಗಿತ್ತು. ಇಂಪನಾ ಓಡಿ ಒಲೆ ಆರಿಸಿದಳು. ತಿರುಗಿ ನೋಡಿದರೆ ಸ್ಫೂರ್ತಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದರು. ಅವರ ಮುಖದಲ್ಲಿ ಕೋಪವಿರಲಿಲ್ಲ.

"ನಿಮ್ಮ ಮನೆಯ ಬಿಲ್ಲೆ ಹೇಗಿದೆ?"

"ಅದು ಯಾಕೋ ಬೆಳ್ಳಗಾಗಿದೆ ಮೇಡಂ. ಧೂಳು ಕೂತಿದೆ ಅಂತ ದಿನಾ ಒರೆಸ್ತೀನಿ. ಮೊನ್ನೆ ಹುಣಸೆಹಣ್ಣು ಹಾಕಿ ಉಜ್ಜಿದೆ, ದೇವರ ದೀಪ ತೊಳೆಯೋ ಹಾಗೆ. ಆದ್ರೂ ಬಣ್ಣ ಬರಲಿಲ್ಲ."

"ರಾತ್ರಿ ಊಟಕ್ಕೆ ಏನು ಮಾಡ್ತೀರಿ?"

"ಇಲ್ಲಿಂದಲೇ ಡಬ್ಬಿಲಿ ಅನ್ನ ಸಾರು ತಗೊಂಡು ಹೋಗ್ತೀನಿ. ಅಲ್ಲಿ ಮತ್ತೆ ಗ್ಯಾಸ್ ಯಾಕೆ ದಂಡ ಮಾಡೋದು ಅಂತ." ಹೇಳುತ್ತಿದ್ದಂತೆ ಅವಳಿಗೇ ಹೊಳೆಯಿತು. ಮಾತು ನಿಧಾನವಾಯಿತು. "ಹಾಲು ಕಾಯಿಸೋದೂ ಇಲ್ಲೇ."

ಸ್ಫೂರ್ತಿ ಸ್ಟೂಲ್ ಎಳೆದುಕೊಂಡು ಕುಳಿತರು. "ಧೂಳಲ್ಲಮ್ಮ ಅದು. ಆ ಗೋಡೆ ನಿಮ್ಮನ್ನ ಮರೀತಾ ಇದೆ. ಪೂರ್ತಿ ಬೆಳ್ಳಗಾದ್ರೆ ಆ ಮನೆ ಮಾಲೀಕ ಖಾಲಿ ಮಾಡಿಸಬಹುದು."

"ಮಳೆಗಾಲಕ್ಕೆ ಮೊದಲು ಬಿಡಿ ಅಂತ ಆಗಲೇ ಹೇಳಿ ಕಳಿಸಿದಾರೆ. ಇವತ್ತೇ ಹೋಗಿ ಒಲೆ ಹಚ್ತೀನಿ ಮೇಡಂ."

"ಮತ್ತೆ ಗುರುತು ಹತ್ತೋಕೆ ತಿಂಗಳುಗಟ್ಟಲೆ ಬೇಕು."

ಇಂಪನಾ ಸುಟ್ಟ ಸೌಟನ್ನು ನೀರಿಗೆ ಹಾಕಿದಳು. ಭುವಿ ಅಮ್ಮನ ಸೆರಗು ಹಿಡಿದು ಏನೋ ಹೇಳಲು ಬಾಯಿ ತೆರೆದಳು. ಇಂಪನಾ ಅವಳ ತಲೆ ಸವರಿ, "ಇರು ಪುಟ್ಟಾ" ಎಂದಳು. ಆಮೇಲೆ ಸ್ಫೂರ್ತಿಯವರತ್ತ ತಿರುಗಿ, "ನಿಮ್ಮ ಗೋಡೆ ಸುಳ್ಳು ಹೇಳಲ್ಲ ಅಂತ ಎಲ್ರೂ ಅಂತಿದ್ರು" ಎಂದಳು.

"ಹೇಳಿಲ್ಲವಲ್ಲಮ್ಮ. ನೀವು ಬದುಕ್ತಿರೋದು ಇಲ್ಲೇ ಅಂತ ಹೇಳ್ತಿದೆ. ಅದು ನಿಜಾನೇ. ಯಾರಾದ್ರೂ ಇನ್ನೊಬ್ಬರ ಮನೇಲಿ ಬದುಕೋದನ್ನೇ ಕೂಲಿ ಮಾಡ್ಕೋತಾರೆ ಅಂತ ನಾನು ಯೋಚನೆ ಮಾಡಿರಲಿಲ್ಲ." ಅವರು ಕೊಳವೆಯನ್ನು ಸುತ್ತಿ ತೊಡೆಯ ಮೇಲಿಟ್ಟುಕೊಂಡರು. "ನಾನು ನೋಡಿದ್ದನ್ನ ನಗರಪಾಲಿಕೆಗೆ ಹೇಳಬೇಕು. ಹೇಳಿದ್ರೆ ನಿಮ್ಮ ಈ ಕೆಲಸ ಹೋಗುತ್ತೆ. ಹೇಳದಿದ್ರೆ, ಅಲ್ಲಿ ನೀವು ಬಾಳ್ತಿಲ್ಲ ಅಂತಲೇ ಲೆಕ್ಕವಾಗಿ ನಿಮ್ಮ ಮನೆ ಹೋಗುತ್ತೆ. ನೀವು ಹೇಳಿ ಅಂದ್ರೆ ಮಾತ್ರ ಹೇಳ್ತೀನಿ."

ಮಾರ್ಟಾಳಿಗೆ ಅರ್ಧ ಅರ್ಥವಾಗಿತ್ತು. ನೀರಿನ ಲೋಟ ಹಿಡಿದು ಅವರನ್ನೂ ಇವರನ್ನೂ ನೋಡುತ್ತ, "ನಾನು ಏನು ತಪ್ಪು ಹೇಳಿದೆ?" ಎಂದಳು.

"ನೀನಲ್ಲ ಕಣೇ" ಎಂದಳು ಇಂಪನಾ. ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿ ಕೈ ಒರೆಸಿಕೊಂಡಳು. "ಹೇಳಿ ಮೇಡಂ. ಎರಡೂ ಮನೆ ವಿಷಯ ಹೇಳಿ. ಈ ಕೆಲಸ ಇಟ್ಕೊಂಡು ಸಂಜೆ ನಾನು ಎಲ್ಲಿಗೆ ಅಂತ ಹೋಗಲಿ? ಪಾತ್ರೆ ತೊಳೆಯೋ ಕೆಲಸ ಆದ್ರೂ ಸಿಗುತ್ತೆ. ಆದ್ರೆ ನನ್ನಂಥೋರು ಈ ಬೀದಿಲಿ ಇನ್ನೂ ಇದಾರೆ. ಅವರವರ ಮನೆ ಗೋಡೆಗಳೂ ಬಿಳಿಚಿಕೊಂಡಿರ್ತವೆ. ಅದನ್ನೂ ಹೇಳಿ."

"ಹೇಳ್ತೀನಿ. ಬರೀ ಗೋಡೆ ನಂಬಿ ಯಾರನ್ನೂ ಎಬ್ಬಿಸಬೇಡಿ ಅಂತ ನಾನೇ ನಿಂತು ಹೇಳ್ತೀನಿ. ಕೇಳ್ತಾರೋ ಇಲ್ಲವೋ ಗೊತ್ತಿಲ್ಲ. ಗೋಡೆನೇ ನಂಬಿ ಅಂತ ಅವರಿಗೆ ಕಲಿಸಿದ್ದೂ ನಾನೇ."

ಅವರು ಎದ್ದರು. ಹೋಗುವ ಮುನ್ನ ಅಭ್ಯಾಸಬಲದಿಂದ ಮತ್ತೊಮ್ಮೆ ಕೊಳವೆಯನ್ನು ಗೋಡೆಗೆ ಒತ್ತಿ ತಲೆ ಬಾಗಿಸಿದರು. ಇಷ್ಟು ಹೊತ್ತು ತುಟಿ ಕಚ್ಚಿಕೊಂಡಿದ್ದ ಭುವಿ ಅಮ್ಮನ ಸೆರಗು ಬಿಟ್ಟು ಅವರ ಪಕ್ಕ ಹೋಗಿ ನಿಂತಳು. ಗೋಡೆಯನ್ನು ನೋಡಿದಳು, ಆಮೇಲೆ ಅವರ ಮುಖ ನೋಡಿದಳು.

"ಅಜ್ಜಿ, ನಮ್ಮ ಮನೆ ಯಾವುದು ಅಂತ ಗೋಡೆನ ಯಾಕೆ ಕೇಳ್ತೀರಾ? ನಮ್ಮನ್ನೇ ಯಾಕೆ ಯಾರೂ ಕೇಳಲ್ಲ?"