ಸೊಲ್ಲಾಪುರದಾಕಿ

"ಆಪ್ ಕಹಾಂ ಸೇ ಆಯೇ, ಬಾಯಿ?"

ವಾಡಿ ಜಂಕ್ಷನ್ನಿನ ಗದ್ದಲದಲ್ಲಿ, ಎಲ್ಲಿಂದ ಬಂದಿರಿ ಎಂಬ ಆ ಮಾತು ಕೇಳಿ ಗುರುದೇವಿಯ ಎದೆ ಧಸಕ್ಕೆಂದಿತು. ಕೇಳಿದವನು ಪೊಲೀಸನಾಗಿದ್ದರೆ ಚಿಂತೆಯಿರಲಿಲ್ಲ. ಅವನು ನಾಗೇಂದ್ರಪ್ಪ, ಅವಳನ್ನು ಕರೆದೊಯ್ಯಲು ಬಂದಿದ್ದ ಸೋದರತ್ತೆಯ ಮಗ. ತನ್ನ ಅಪ್ಪನದೇ ಮೂಗು, ಅಪ್ಪನದೇ ನಿಲುವು... ಅವಳಿಗೆ ನೋಡಿದ ಕೂಡಲೇ ಗುರುತು ಸಿಕ್ಕಿತ್ತು. ಸೊಲ್ಲಾಪುರದಿಂದ ದಾರಿಯುದ್ದಕ್ಕೂ ಯಾರನ್ನು ನೆನೆಯುತ್ತ ಬಂದಳೋ, ಅವನೇ ಅವಳನ್ನು ಉರ್ದುವಿನಲ್ಲಿ ಮಾತಾಡಿಸುತ್ತಿದ್ದ!

"ನಾ ಸುಲೇಪೇಟದಾಕಿ. ಶರಣಬಸಪ್ಪನ ಮಗಳು," ಎಂದಳು.

ಅವನ ಮುಖ ಕಪ್ಪಿಟ್ಟಿತು. "ತಪ್ಪಾತ್ರಿ... ಕಚ್ಚಿ ಹಾಕದ ಗೋಲ ಸೀರಿ ಉಟ್ಟಿದ್ದು ನೋಡಿ ಬ್ಯಾರೆ ಸೀಮಿಯವರು ಅಂದ್ಕೊಂಡೆ."

ಅಷ್ಟೇ. ಟ್ರಂಕು ಹೊತ್ತುಕೊಂಡು ಮುಂದೆ ನಡೆದ. ರೈಲು ಬದಲಿಸಿ ಸೇಡಂನಲ್ಲಿ ಇಳಿದು, ಬಂಡಿ ಹತ್ತಿ ಊರು ಮುಟ್ಟುವವರೆಗೂ ಬಾಯಿ ಬಿಡಲಿಲ್ಲ.

ಗುರುದೇವಿ ಹುಟ್ಟಿದ್ದು ಸುಲೇಪೇಟದಲ್ಲೇ. ತಾಯಿ ತೀರಿಕೊಂಡಾಗ ಅವಳಿನ್ನೂ ಚಿಕ್ಕವಳು. ಅಪ್ಪ ಅವಳನ್ನು ಸೊಲ್ಲಾಪುರಕ್ಕೆ ಕರೆದೊಯ್ದು ಗಿರಣಿ ಕೆಲಸಕ್ಕೆ ಸೇರಿದ. ಹೆಂಗಸರಿಲ್ಲದ ಮನೆಯಲ್ಲಿ ಅಪ್ಪನ ಕೈ ಅಡುಗೆ ಉಂಡೇ ಬೆಳೆದಳು. ಈ ವರ್ಷ ಅಪ್ಪನೂ ಹೋದ. ಹೋಗುವಾಗ ಹೇಳಿದ್ದು ಒಂದೇ ಮಾತು: "ನಾಗೇಂದ್ರನಿಗೇ ನಿನ್ನ ಕೊಡತೀನಂತ ತಂಗಿಗೆ ಮಾತು ಕೊಟ್ಟೀನವ್ವ."

ಆ ಮಾತೊಂದನ್ನೇ ನಂಬಿ ಬಂದಿದ್ದಳು. ಅತ್ತ ಸೊಲ್ಲಾಪುರಕ್ಕೆ ಸ್ವಾತಂತ್ರ್ಯ ಬಂದು ನಾಲ್ಕು ತಿಂಗಳಾಗಿತ್ತು. ಸುಲೇಪೇಟವಿದ್ದ ನಿಜಾಮರ ಸೀಮೆಗೆ ಅದಿನ್ನೂ ಬಂದಿರಲಿಲ್ಲ. ಹುಟ್ಟಿದ ಊರೇ ಈಗ ಬೇರೆ ದೇಶವಾಗಿತ್ತು, ಏನು ಹೇಳೋಣ ಈ ಕಾಲಕ್ಕೆ!

ನಾಗೇಂದ್ರಪ್ಪನ ತಾಯಿ ಭಾಗಮ್ಮತ್ತೆ ಅವಳನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಪಡಸಾಲೆಯಲ್ಲಿ ಹೊಸ ಕಂಬಳಿ ಹಾಸಿ ಕೂರಿಸಿದಳು. ಊಟವೂ ಅಲ್ಲಿಗೇ ಬಂತು. ಮರುದಿನ ರೊಟ್ಟಿ ಬಡಿಯಲು ಕೈಜೋಡಿಸೋಣವೆಂದು ಗುರುದೇವಿ ಎದ್ದರೆ ಅತ್ತೆ ಅಡುಗೆಮನೆ ಬಾಗಿಲಿಗೇ ಅಡ್ಡ ಬಂದಳು.

"ಬ್ಯಾಡವ್ವ, ನೀ ಅಲ್ಲೇ ಕುಂದ್ರು."

ಆಗಲೇ ಪಕ್ಕದ ಮನೆಯ ರತ್ನಾಬಾಯಿ ಮಜ್ಜಿಗೆ ಬೇಡಿಕೊಂಡು ಬಂದವಳು ಸೀದಾ ಒಳಗೆ ಹೋದಳು. ಗುರುದೇವಿ ಪಡಸಾಲೆಗೆ ಮರಳಿದಳು.

'ನೆರೆಮನೆಯವಳು ಹೋಗಬಹುದು. ರಕ್ತಸಂಬಂಧದ ನಾನು ಹೋಗಬಾರದೇ?'

ಬಾವಿಕಟ್ಟೆಯಲ್ಲೂ ಅದೇ ಗತಿ. "ಸೊಲ್ಲಾಪುರದಾಕಿ ಬಂದಾಳ ನೋಡು," ಎಂದು ಹೆಂಗಸರು ಬದಿಗೆ ಸರಿದು ನಿಂತರು. "ನಿಜಾಮನ ಮಂದಿ ಕಾಟಕ್ಕ ನಾವೇ ಊರು ಬಿಡ್ಲಿಕತ್ತೀವಿ. ಈಕಿ ಯಾಕ ಬಂದಾಳೋ?"

ನಾಗೇಂದ್ರಪ್ಪನಂತೂ ಅವಳು ಅಂಗಳಕ್ಕೆ ಬಂದರೆ ದನದ ಕೊಟ್ಟಿಗೆಗೆ ಹೋಗಿಬಿಡುತ್ತಿದ್ದ. ಎಷ್ಟು ದಿನ ತಡೆದಾಳು? ಒಂದು ಬೆಳಿಗ್ಗೆ ಹೇಳಿಯೇಬಿಟ್ಟಳು.

"ಅತ್ತಿ, ನಾ ಹೋಗತೀನಿ."

ಭಾಗಮ್ಮನ ಮುಖ ಸಣ್ಣದಾಯಿತು. ಹುಡುಗಿಗೆ ನನ್ನ ಮಗ ಮನಸ್ಸಿಗೆ ಬರಲಿಲ್ಲ ಎಂದುಕೊಂಡಳು ಪಾಪ. "ನಿನ್ನ ಮನಸ್ಸಿಗೆ ಬಂದಂಗ ಮಾಡವ್ವ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸೇಡಂ ಸ್ಟೇಶನ್ನಿನ ಹೊರಗೆ ಆಳು ಕಾಶಪ್ಪ ಎತ್ತುಗಳಿಗೆ ಮೇವು ಹಾಕುತ್ತಿದ್ದ. ನಾಗೇಂದ್ರಪ್ಪ ಟ್ರಂಕು ಇಳಿಸಿದ. ಗುರುದೇವಿ ಅವನತ್ತ ತಿರುಗಿದಳು.

"ಒಂದು ಮಾತು ಕೇಳೇ ಹೋಗತೀನಿ. ನಿಮ್ಮ ಅಡಗಿ ಮನ್ಯಾಗ ರತ್ನಾಬಾಯಿ ಹೋಗಬಹುದು, ನಾ ಹೋಗಬಾರದು. ಅಷ್ಟು ಹೊರಗಿನಾಕಿ ಆದೆನೇನು ನಾನು?"

ಅವನು ತಬ್ಬಿಬ್ಬಾಗಿ ಅವಳನ್ನೇ ನೋಡಿದ.

"ನಿಮಗ ಗೊತ್ತಿಲ್ಲೇನ್ರಿ? ಸೊಸಿ ಆಗೋ ಹುಡುಗಿ ಅಕ್ಷತಿ ಬೀಳೋತನಕ ಅಡಗಿ ಮನಿ ಹೊಸ್ತಿಲಾ ದಾಟಂಗಿಲ್ಲ. ನಮ್ಮ ಮನಿತನದಾಗ ಮೊದಲಿಂದ ಹಂಗೇ ಅದ. ಅವ್ವ ನಿಮ್ಮನ್ನ ಸೊಸಿ ಅಂತೇ ತಿಳಕೊಂಡಾಳ. ನಾನೂ ಅದಕ್ಕೇ ಎದುರಿಗೆ ಬಂದಿಲ್ಲ."

ಗುರುದೇವಿ ಟ್ರಂಕಿನ ಮೇಲೆ ಕುಳಿತುಬಿಟ್ಟಳು. ತಾಯಿಯಿದ್ದಿದ್ದರೆ ಇದನ್ನು ಎಂದೋ ಹೇಳಿಕೊಡುತ್ತಿದ್ದಳು. ಈಗ ಅದನ್ನೂ ಅವನ ಬಾಯಿಂದ ಕೇಳಬೇಕಾಯಿತು.

"ಇಷ್ಟೂ ತಿಳೀದಾಕಿ... ಮಂದಿ ಅನ್ನೋದು ಖರೇನೇ ಅದ. ನಾ ಈ ಊರಿನಾಕಿ ಅಲ್ಲ."

"ನೀವು ಕೇಳಲಿಲ್ಲ, ನಾ ಹೇಳಲಿಲ್ಲ. ವಾಡ್ಯಾಗ ಗುರುತು ಹಿಡೀಲಿಲ್ಲಲ್ಲ, ಅವತ್ತಿನಿಂದ ನನಗ ಉಂಡದ್ದು ಮೈಗೆ ಹತ್ತಿಲ್ಲ."

"ಮತ್ತ ಹೋಗಬ್ಯಾಡ ಅಂತ ಯಾಕ ಅನ್ನಲಿಲ್ಲ?"

"ಹ್ಯಾಂಗ ಅನ್ನಲಿ?" ಅವನು ಸ್ಟೇಶನ್ನಿನತ್ತ ಕೈ ತೋರಿಸಿದ. "ಮಂದಿ ಜೀವಾ ಕೈಯಾಗ ಹಿಡಕೊಂಡು ನಿಮ್ಮ ಸೊಲ್ಲಾಪುರಕ್ಕ ಓಡ್ಲಿಕತ್ತಾರ. ನಾಳೆ ಇಲ್ಲಿ ಏನಾಗ್ತದೋ ಯಾರಿಗೂ ಗೊತ್ತಿಲ್ಲ. ಅವ್ವ ಹೊಲಾ ಮನಿ ಬಿಟ್ಟು ಬರಂಗಿಲ್ಲ, ನಾ ಅವ್ವನ್ನ ಬಿಟ್ಟು ಬರಂಗಿಲ್ಲ. ನನ್ನ ಮನಸ್ಸಿನ್ಯಾಗ ನೀವೇ ಇದ್ದೀರಿ. ಅದಕ್ಕೇ ನೀವಾದರೂ ಸುಖದಾಗ ಇರಬೇಕು ಅಂತ ಸುಮ್ಮನಿದ್ದೆ."

ವಾಡಿಗೆ ಹೋಗುವ ರೈಲು ಬಂತು. ಹತ್ತುವವರು ಗಂಟುಮೂಟೆ, ಮಕ್ಕಳನ್ನು ಎಳೆದುಕೊಂಡು ನುಗ್ಗಿದರು. ಇಳಿದವರು ಯಾರೂ ಇಲ್ಲ. ಗುರುದೇವಿ ಟ್ರಂಕಿನ ಮೇಲಿಂದ ಏಳಲಿಲ್ಲ. ರೈಲು ಹೊರಟೇ ಹೋಯಿತು.

ನಾಗೇಂದ್ರಪ್ಪ ಮೆಲ್ಲಗೆ ಕೇಳಿದ.

"ಇಲ್ಲಿ ಹೆದರಿಕಿ ಆಗಂಗಿಲ್ಲೇನು?"

"ಆಗ್ತದ, ಮಾಮಾ," ಎಂದು ಮೊದಲ ಸಲ ವರಸೆ ಹಿಡಿದು ಕರೆದಳು. "ಅಲ್ಲಿ ಒಬ್ಬಾಕೀನೇ ಹೆದರಬೇಕಿತ್ತು."