ಎರಡು ಸಲ ಸರಿಮಾಡಿದ ರೋಬೋಟ್

"ನಿಮ್ಮ ಪ್ರೋಗ್ರಾಂ ಏನು, ಕುಡಿದು ಬಂದಿತ್ತಾ?"

ಹಲ್ಲಿನ ಡಾಕ್ಟರು ಹೀಗೆ ಕೇಳಿದ್ದು ಎಲ್ಲರ ಎದುರಿಗೇ. ಅದೂ ವೃದ್ಧರ ಹಗಲು ಕೇಂದ್ರದ ಹಾಲ್‌ನಲ್ಲಿ.

ಹೈಸ್ಕೂಲು ಮಕ್ಕಳು ಕಟ್ಟಿದ ರೋಬೋಟ್ ನೇರವಾಗಿ ಹೋಗಿ, ಮುಂದಿನ ಸಾಲಿನ ಅಜ್ಜಿಯ ಮಡಿಲಲ್ಲಿದ್ದ ಬುಟ್ಟಿಗೆ ಬಟ್ಟೆಯ ಚೆಂಡು ಹಾಕಬೇಕಿತ್ತು. ಅದು ಎಡಕ್ಕೆ ವಾಲಿಕೊಂಡು ಹೋಗಿ ಗಾಜಿನ ಹೂದಾನಿಯನ್ನು ಕೆಡವಿತ್ತು.

"ಪ್ರೋಗ್ರಾಂ ನೆಟ್ಟಗಿದೆ. ನಿಮ್ಮ ಚಕ್ರಗಳೇ ಸೊಟ್ಟ," ಎಂದಳು ಮಕ್ಕಳಿಗೆ ಪ್ರೋಗ್ರಾಂ ಕಲಿಸುವವಳು. "ಹಲ್ಲು ಕೂರಿಸೋ ಹಾಗೆ ಚಕ್ರ ಕೂರಿಸಿದ್ರೆ ಹೀಗೇ ಆಗೋದು."

ಅವಳ ಕೆಲಸ ಲಿಫ್ಟ್‌ಗಳಿಗೆ ಪ್ರೋಗ್ರಾಂ ಬರೆಯುವುದು. ಭಾನುವಾರ ಬಂದರೆ ಈ ಮಕ್ಕಳಿಗೆ ಅದನ್ನೇ ಕಲಿಸುತ್ತಾಳೆ. ಅವರ ಬಾಯಲ್ಲಿ ಅವಳು ಲಿಫ್ಟ್ ಮೇಡಂ. ಚಕ್ರ, ತೋಳು, ಸ್ಕ್ರೂಗಳ ಪಾಠ ಡಾಕ್ಟರದು. ತಂಡ ಒಂದೇ ಆದರೂ ಇವರಿಬ್ಬರ ಕೃಪೆಯಿಂದ ಮಕ್ಕಳು ಎರಡು ಪಾಳಯವಾಗಿದ್ದರು. ಈ ಮೇಜಿನವರು ಆ ಮೇಜಿನವರಿಗೆ ಸ್ಕ್ರೂಡ್ರೈವರ್ ಕೂಡ ಕೊಡುತ್ತಿರಲಿಲ್ಲ.

ಅವಳಿಗೆ ಇನ್ನೂ ಸಿಟ್ಟು ಬಂದದ್ದು ಬೇರೊಂದಕ್ಕೆ. ಅಷ್ಟು ಕೆಟ್ಟ ಮಾತಾಡುತ್ತಿದ್ದಾಗಲೂ ಆ ಮನುಷ್ಯ ನೆಲದ ಮೇಲೆ ಕುಕ್ಕರಗಾಲಲ್ಲಿ ಕುಳಿತು, ಗಾಲಿಕುರ್ಚಿಗಳ ಕೆಳಗಿನ ಗಾಜಿನ ಚೂರನ್ನೆಲ್ಲ ಕರವಸ್ತ್ರಕ್ಕೆ ಆರಿಸಿಕೊಳ್ಳುತ್ತಿದ್ದ. ಬರಿಗಾಲಲ್ಲಿದ್ದ ಒಬ್ಬ ಅಜ್ಜನ ಪಾದವನ್ನು ಮೆಲ್ಲಗೆ ಎತ್ತಿ, ಕೆಳಗೆ ಕೈಯಾಡಿಸಿ ನೋಡಿ, ಮತ್ತೆ ಇಟ್ಟ. ನೆಮ್ಮದಿಯಾಗಿ ದ್ವೇಷಿಸುವುದಕ್ಕೂ ಬಿಡುವುದಿಲ್ಲವಲ್ಲ ಈತ, ಎನಿಸಿತು ಅವಳಿಗೆ.

ಶಾಲೆಯ ಹೆಡ್ ಮೇಡಂ ಇಬ್ಬರನ್ನೂ ಮೂಲೆಗೆ ಕರೆದರು. ಮುಂದಿನ ಭಾನುವಾರ ಇಲ್ಲೇ ಮತ್ತೆ ಪ್ರದರ್ಶನ. ಅದು ಮುಗಿದ ಮೇಲೆ ಇಬ್ಬರಲ್ಲಿ ಒಬ್ಬರು ತಂಡ ಬಿಡಬೇಕು; ಯಾರೆಂದು ನೀವೇ ಮಾತಾಡಿಕೊಳ್ಳಿ ಎಂದರು. ಮಕ್ಕಳಿಗೆ ಯಂತ್ರ ಕಲಿಸಿ ಅಂದರೆ ನೀವು ಜಗಳ ಕಲಿಸುತ್ತಿದ್ದೀರಿ ಎಂದೂ ಸೇರಿಸಿದರು.

ವಾರವಿಡೀ ಆಫೀಸಿನಲ್ಲಿ ತಲೆಬಗ್ಗಿಸಿ ದುಡಿಯುವ ಅವಳಿಗೆ ಭಾನುವಾರ ಎಂದರೆ ಈ ಮಕ್ಕಳೇ. ಅಕ್ಕ ಗಂಡು ತೋರಿಸಲು ಕರೆದಾಗಲೂ, ರೋಬೋಟ್ ಇದೆ ಎಂದು ತಪ್ಪಿಸಿಕೊಂಡವಳು. ತಾನಂತೂ ಹೋಗುವುದಿಲ್ಲ, ಆತನೇ ಹೋಗಲಿ ಎಂದುಕೊಂಡಳು.

ಆದರೂ ಒಳಗೊಳಗೇ ಅನುಮಾನ ಕೊರೆಯಿತು. ಆ ವಾರ ತನ್ನ ಪಾಳಯದ ಮಕ್ಕಳನ್ನು ಕೂರಿಸಿಕೊಂಡು, ರೋಬೋಟ್ ಎಡಕ್ಕೆ ವಾಲುವಷ್ಟು ಅದನ್ನು ಬಲಕ್ಕೆ ಎಳೆಯುವಂತೆ ಪ್ರೋಗ್ರಾಂ ತಿದ್ದಿಸಿದಳು. ಓಡಿಸಿ ನೋಡಿದರು, ದಾರ ಹಿಡಿದಂತೆ ನೇರ ಹೋಯಿತು. ಆ ಕಡೆಯವರಿಗೆ ಹೇಳಬೇಡಿ, ಚಕ್ರ ಸೊಟ್ಟ ಎಂದೇ ಇರಲಿ ಎಂದಳು. ಮಕ್ಕಳು ಕಿಸಕ್ಕನೆ ನಕ್ಕರು.

ಭಾನುವಾರ ಬೆಳಿಗ್ಗೆ ಡಾಕ್ಟರ ಪಾಳಯ ಚಕ್ರಗಳನ್ನು ಚೀಲದಲ್ಲಿ ತಂದು, ಯಾರಿಗೂ ತೋರಿಸದೆ ಬಿಗಿದು ಕೂರಿಸಿತು. ಡಾಕ್ಟರು ಅವಳ ಕಡೆ ನೋಡಿದರು, ಅವಳು ಕಿಟಕಿಯ ಕಡೆ ನೋಡಿದಳು.

ತಂಡಕ್ಕೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಪ್ರದರ್ಶನ ಶುರುವಾದ ಮೇಲೆ ದೊಡ್ಡವರು ಯಂತ್ರ ಮುಟ್ಟುವಂತಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಲ್ಲಬೇಕು. ಕೆಟ್ಟರೂ ಮಕ್ಕಳದೇ, ಗೆದ್ದರೂ ಮಕ್ಕಳದೇ. ಇಬ್ಬರೂ ಅಜ್ಜಿಯ ಕುರ್ಚಿಯ ಮುಂದೆ, ಒಂದು ಪಕ್ಕಕ್ಕೆ ಸರಿದು ಹಾಗೇ ನಿಂತರು.

ರೋಬೋಟ್ ಹೊರಟಿತು. ಎರಡು ಮಾರು ಹೋಗುವಷ್ಟರಲ್ಲಿ ಬಲಕ್ಕೆ ತಿರುಗಿ ಗೋಡೆಗೆ ಮುಖಮಾಡಿ ನಿಂತಿತು.

ಪ್ರೋಗ್ರಾಂ ಬರೆದ ಹುಡುಗಿಯ ಕಣ್ಣಲ್ಲಿ ಆಗಲೇ ನೀರು. ತನಗರಿವಿಲ್ಲದೆ ಲಿಫ್ಟ್ ಮೇಡಂ ಕೈ ಲ್ಯಾಪ್‌ಟಾಪ್ ಕಡೆ ಚಾಚಿತು. ಬೆಚ್ಚನೆಯ ಕೈಯೊಂದು ಅದನ್ನು ಹಿಡಿದು ಬೆನ್ನ ಹಿಂದಕ್ಕೆ ತಂದಿತು.

"ಮುಟ್ಟಬೇಡಿ," ಎಂದರು ಡಾಕ್ಟರು, ಪಿಸುದನಿಯಲ್ಲಿ.

"ಬಿಡ್ರೀ ಕೈ. ಮಗು ಅಳ್ತಿದೆ."

"ಗೊತ್ತು. ನನ್ನ ಕೈನೂ ನೀವು ಹಿಡ್ಕೊಳ್ಳಿ. ಇಲ್ಲಾಂದ್ರೆ ನಾನೂ ಹೋಗಿ ಮುಟ್ಟಿಬಿಡ್ತೀನಿ."

ಅವರ ಇನ್ನೊಂದು ಕೈ ನಿಜಕ್ಕೂ ಬೆನ್ನ ಹಿಂದೆ ನಿಲ್ಲದೆ ರೋಬೋಟ್ ಕಡೆ ಹೊರಟಿತ್ತು. ಬಾಯಿ ಬಿಟ್ಟವರ ಹಲ್ಲಿನ ಸಂದಿಯಲ್ಲಿ ಸ್ವಲ್ಪವೂ ಅಲುಗದೆ ಕೆಲಸ ಮಾಡುವ ಕೈ ಅದು. ಬೈಯಬೇಕೆಂದಿದ್ದವಳು ಆ ಕೈ ಹಿಡಿದಳು.

ಅತ್ತ ಮಕ್ಕಳಿಗೆ ಕೇಳಲು ದೊಡ್ಡವರಿಲ್ಲ. ಬೇರೆ ದಾರಿ ಕಾಣದೆ ಚಕ್ರದ ಪಾಳಯದ ಹುಡುಗಿಯೊಬ್ಬಳು ಬಾಯಿ ಬಿಟ್ಟಳು. "ನಾವು ಚಕ್ರದ ಅಚ್ಚಿನ ಹತ್ರ ತೆಳು ತಗಡು ಇಟ್ಟು ಸರಿಮಾಡಿದ್ವಲ್ಲ. ನಿನ್ನೆ ಡಾಕ್ಟರ್ ಸಾರ್ ಕ್ಲಿನಿಕ್‌ನಲ್ಲಿ."

ಅಳುತ್ತಿದ್ದವಳು ಮೂಗೊರೆಸಿಕೊಂಡಳು. "ಅಯ್ಯೋ, ನಾವೂ ಪ್ರೋಗ್ರಾಂನಲ್ಲಿ ಸರಿಮಾಡಿದೀವಿ ಕಣೇ."

ಅಂದರೆ ಆತನಿಗೂ ಅನುಮಾನವಿತ್ತು. ಆತನೂ ಕದ್ದು ತಿದ್ದಿಸಿದ್ದ. ಒಂದೇ ತಪ್ಪನ್ನು ಇಬ್ಬರೂ ತಿದ್ದಿ, ನೆಟ್ಟಗಾಗಬೇಕಿದ್ದುದನ್ನು ಸೊಟ್ಟ ಮಾಡಿದ್ದರು. ಅವಳ ಕಿವಿ ಬಿಸಿಯಾಯಿತು. ಓರೆಗಣ್ಣಲ್ಲಿ ನೋಡಿದರೆ ಡಾಕ್ಟರ ಕಿವಿಯೂ ಕೆಂಪು.

ಎರಡೂ ಪಾಳಯದ ತಲೆಗಳು ಒಂದೆಡೆ ಬಾಗಿದವು. ತಗಡು ಹೊರಬಂತು, ಸ್ಕ್ರೂಡ್ರೈವರ್ ಕೈಯಿಂದ ಕೈಗೆ ಹೋಯಿತು. ರೋಬೋಟ್ ಅಜ್ಜಿಯ ಮುಂದೆ ಬಂದು ನಿಂತು, ಮಗುವಿಗೆ ತುತ್ತು ಕೊಡುವಷ್ಟು ನಿಧಾನವಾಗಿ ಚೆಂಡನ್ನು ಬುಟ್ಟಿಗಿಟ್ಟಿತು. ಚಪ್ಪಾಳೆ ಬಿತ್ತು.

ಅಜ್ಜಿ ಮಾತ್ರ ಚೆಂಡನ್ನು ನೋಡುತ್ತಿರಲಿಲ್ಲ. "ಇನ್ನು ಕೈ ಬಿಡಬಹುದು ಕಣ್ರಪ್ಪಾ," ಎಂದರು. "ಬುಟ್ಟಿಗೆ ಬಿದ್ದಾಯ್ತು."

ಮಕ್ಕಳು ಹೊರಗೆ ಹೋದ ಮೇಲೆ ಹೆಡ್ ಮೇಡಂ ಬಂದರು. ಅವರು ಮಾತು ಮರೆಯುವವರಲ್ಲ.

"ಯಾರು ಬಿಡ್ತಿರೋದು?"

"ನಾನೇ," ಎಂದರು ಡಾಕ್ಟರು. "ಇವರಿಗೆ ಈ ಮಕ್ಕಳಂದ್ರೆ ಜೀವ."

ಅವಳಿಗೆ ಎಲ್ಲಿಲ್ಲದ ರೋಷ ಬಂತು. ವಾರವೆಲ್ಲ ಬೇಡಿದ್ದು ಕೈಗೆ ಬಂದಿತ್ತು. ಕೈ ಮಾತ್ರ ಖಾಲಿ ಎನಿಸುತ್ತಿತ್ತು.

"ನಿಮ್ಮ ದೊಡ್ಡಸ್ತಿಕೆ ಯಾರಿಗೆ ಬೇಕು?" ಎಂದಳು. "ಮೇಡಂ, ಇವರು ಹೋಗಬಾರದು. ನಾನೂ ಹೋಗಲ್ಲ."

"ಮತ್ತೆ ಜಗಳ ಆಡಿದ್ರೆ?"

"ಆಡ್ತೀವಿ. ಮಕ್ಕಳ ಮುಂದೆ ಆಡಲ್ಲ."

"ಇನ್ನೆಲ್ಲಿ ಆಡ್ತೀರಂತೆ?"

ಡಾಕ್ಟರು ಗಂಟಲು ಸರಿಮಾಡಿಕೊಂಡರು. "ಇವರು ಒಪ್ಪಿದ್ರೆ, ಇವತ್ತು ಸಂಜೆ ಕಾಫಿ ಕುಡೀತಾ ಶುರು ಮಾಡಬಹುದು. ಇಷ್ಟು ದಿನ ಜಗಳಕ್ಕೆ ಅಂತಲೇ ಬೇಗ ಬರ್ತಿದ್ದೆ, ಮೇಡಂ. ಬೇರೆ ಹೇಗೆ ಮಾತಾಡಿಸಬೇಕು ಅಂತ ಗೊತ್ತಾಗ್ಲಿಲ್ಲ."

ಹೇಳಿದ್ದು ಹೆಡ್ ಮೇಡಂಗೆ, ನೋಡಿದ್ದು ಅವಳನ್ನು.

"ನಾನು ಸಕ್ಕರೆ ಜಾಸ್ತಿ ಹಾಕ್ಕೋತೀನಿ," ಎಂದಳು ಅವಳು, ಮುಖ ಗಂಟಿಕ್ಕಿಕೊಂಡೇ. "ಹಲ್ಲಿನ ಬಗ್ಗೆ ಒಂದು ಮಾತಾಡಿದ್ರೂ ಎದ್ದು ಬರ್ತೀನಿ."